ಸಕ್ಕರೆ ಸರಪಳಿಯೂ ಮೀನಿನ ಮೊಟ್ಟೆಯೂ

ಬೇರೆಯವರ ಆಫೀಸಲ್ಲಿ ನೆಟ್ ಹೋಗುತ್ತೆ, ಫೈಲ್ ಕಳೆಯುತ್ತೆ. ನಂಗೆ ಮಾತ್ರ ಯಾರೂ ಕೇಳಿರದ ತೊಂದರೆಗಳೇ ಗಂಟುಬೀಳೋದು, ಹಣೆಬರಹ! ವಿಜಯನಗರದಿಂದಾಚೆ ಉಲ್ಲಾಳದ ಹತ್ತಿರದ ಲ್ಯಾಬಿನಲ್ಲಿ ಮೀನಿನ ಮೊಟ್ಟೆ ಇಟ್ಕೊಂಡು ಪಿಎಚ್.ಡಿ. ಮಾಡ್ತಿರೋಳು ನಾನು. ಈ ವರ್ಷವಾದ್ರೂ ಮುಗಿಸ್ದಿದ್ರೆ ನೆಂಟರಿಗೆ ಮುಖ ತೋರಿಸೋ ಹಾಗಿಲ್ಲ.

ಪಕ್ಕದ್ಮನೆ ಆಂಟಿ

"ಅದೇನಮ್ಮಾ ನೀನು ಓದೋದು?" ವಿಜಯನಗರದ ನಮ್ಮ ಪಕ್ಕದ್ಮನೆ ಆಂಟಿ ಸೊಪ್ಪು ಬಿಡಿಸ್ತಾ ಕೇಳಿದ್ರು.

ಹೇಳಿದೆ. ಪ್ರೋಟೀನಿಗೆ ಸಕ್ಕರೆಯ ಸರಪಳಿ ಅಂಟಿರುತ್ತೆ. ಮೊಟ್ಟೆಯೊಳಗೆ ಮರಿ ಬೆಳೆಯುವಾಗ ಒಂದು ಕಿಣ್ವ ಬಂದು ಅದನ್ನ ಕತ್ತರಿಸಿ ತೆಗೆಯುತ್ತೆ. ತೆಗೀದಿದ್ರೆ ಮರಿ ನೆಟ್ಟಗೆ ಬೆಳೆಯಲ್ಲ.

"ಓ, ಮಗೂಗೆ ಮುಡಿ ತೆಗೆಸ್ದಂಗೆ ಅನ್ನು. ಸರಿ, ಕತ್ತರಿಸಿದ್ದನ್ನ ಎಲ್ಲಿ ಹಾಕುತ್ತೆ?"

ನಮ್ಮ ಗೈಡ್ ಎರಡು ವರ್ಷದಿಂದ ಕೇಳ್ತಿರೋದೂ ಇದನ್ನೇ.

ಬಸ್ಸಲ್ಲಿ

ಇನ್ನೊಂದು ಲ್ಯಾಬಿನಿಂದ ಡಬ್ಬಿ ತರ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಅಜ್ಜಿ "ಒಳಗೇನಮ್ಮಾ?" ಅಂದ್ರು. ಬಾಯಿ ತಪ್ಪಿ "ಮೀನಿನ ಮೊಟ್ಟೆ" ಅಂದ್ಬಿಟ್ಟೆ. "ಶಿವ ಶಿವಾ!" ಅಂತ ಎದ್ದು ನಿಂತ್ಕೊಂಡೇ ಹೋದ್ರು. ಮುಂದಿನ ಸೀಟಿನ ಹೆಂಗಸು ಮೆಲ್ಲಗೆ ತಿರುಗಿ, "ಸಾರು ಮಾಡ್ತೀರಾ, ಹುರೀತೀರಾ?"

ಆಷಾಢ

ಸೋಮವಾರ ರಿವ್ಯೂ. ಹೊಸ ಮೊಟ್ಟೆಗಳ ಫೋಟೋ ತೋರಿಸ್ಲೇಬೇಕು, ಇಲ್ಲಾಂದ್ರೆ ಇನ್ನೊಂದು ವರ್ಷ ಮಣ್ಣು ಹೊರೋದೇ. ನಮ್ಮ ಮೀನು ಬೆಳಕು ಹರಿಯುತ್ತಲೇ ಮೊಟ್ಟೆ ಇಡೋ ಜಾತಿ. ಸಂಜೆ ಗಂಡು ಹೆಣ್ಣು ಜೋಡಿಯನ್ನ ಒಂದೇ ತೊಟ್ಟಿಗೆ ಬಿಟ್ಟು ಹೋದ್ರೆ ಬೆಳಿಗ್ಗೆ ಒಂಬತ್ತಕ್ಕೆ ಮೊಟ್ಟೆ ರೆಡಿ. ಆ ವಾರ ನಾಲ್ಕು ದಿನ ಒಂದೂ ಇಲ್ಲ! ನೀರು ಬದಲಾಯಿಸಿದೆ, ಊಟ ಬದಲಾಯಿಸಿದೆ, ಕೂತು ಅತ್ತೂ ಆಯ್ತು.

ಶುಕ್ರವಾರ ತಡೀಲಾರದೆ ಏಳಕ್ಕೇ ಹೋದೆ. ತೊಟ್ಟಿಗಳಲ್ಲಿ ಬರೀ ಗಂಡು. ಹೆಣ್ಣೆಲ್ಲಾ ಮೂಲೆಯ ಬೇರೆ ತೊಟ್ಟಿಯಲ್ಲಿ, ಗಾಜಿಗೆ ಅರಿಶಿನ ಕುಂಕುಮ! ಅಟೆಂಡರ್ ಅಣ್ಣ ಬಲೆ ಹಿಡ್ಕೊಂಡು ನಿಂತಿದ್ದ.

"ಏನಣ್ಣಾ ಇದು?"

"ಆಷಾಢ ಅಲ್ವಾ ಮೇಡಂ? ಹೋದ ತಿಂಗಳು ತಾನೇ ನೀವು ಜೋಡಿ ಮಾಡಿದ್ದು, ಹೊಸ ಜೋಡಿಗಳು. ದಿನಾ ಸಂಜೆ ನೀವು ಹೋದ್ಮೇಲೆ ಹೆಣ್ಣುಗಳನ್ನ ತವರಿಗೆ ಬಿಡ್ತೀನಿ, ನೀವು ಬರೋಷ್ಟರಲ್ಲಿ ವಾಪಸ್ ಕರ್ಕೊಂಡ್ಬರ್ತೀನಿ."

ನನ್ನ ಕಿರುಚಾಟಕ್ಕೆ, ರಿವ್ಯೂ ಕೆಲಸ ಅಂತ ಬೇಗ ಬಂದಿದ್ದ ಗೈಡ್ ಓಡಿಬಂದ್ರು. "ಮೀನಿಗೆ ಯಾವ ಆಷಾಢ ರೀ?" ಅಂತ ಗದರಿದ್ರು.

ಅಣ್ಣ ನನ್ನ ಕಡೆ ಕೈ ತೋರಿಸಿದ. "ಸಾರ್, ಮೇಡಂಗೂ ಈ ವರ್ಷ ತಾನೇ ಮದ್ವೆ ಆಗಿದ್ದು? ಇಷ್ಟು ಓದ್ಕೊಂಡು ಅವರೇ ಆಷಾಢ ಅಂತ ಅಮ್ಮನ ಮನೇಲಿದಾರೆ. ಓದ್ದೇ ಇರೋ ಮೀನು ಶಾಸ್ತ್ರ ಬಿಡಕ್ಕಾಗುತ್ತಾ?"

ನಿಜ, ಮಹಾಲಕ್ಷ್ಮಿ ಲೇಔಟಿನ ಅಮ್ಮನ ಮನೆಯಿಂದಲೇ ಬಂದಿದ್ದೆ. ಗೈಡ್ ನಗು ತಡೀಲಾರದೆ, "ಈ ಲ್ಯಾಬಲ್ಲಿ ಆಷಾಢ ಕ್ಯಾನ್ಸಲ್, ಎಲ್ಲರಿಗೂ!" ಅಂದ್ರು.

ಶನಿವಾರ ಬೆಳಿಗ್ಗೆ ತೊಟ್ಟಿ ತುಂಬಾ ಮೊಟ್ಟೆ. ಫೋಟೋನೂ ಆಯ್ತು, ಬದುಕಿದೆ. ಸಂಜೆ ನಾನೂ ಬ್ಯಾಗ್ ಎತ್ಕೊಂಡು ವಿಜಯನಗರದ ಗಂಡನ ಮನೆಗೆ ಹೊರಟೆ.

"ಆಷಾಢ ಇನ್ನೂ ಮೂರು ವಾರ ಇದೆ ಕಣೇ!" ಅಮ್ಮ ಬಾಗಿಲಿಗೆ ಅಡ್ಡ ನಿಂತ್ರು.

"ನಂಗೂ ಗೊತ್ತಮ್ಮಾ. ಏನ್ಮಾಡ್ಲಿ, ಗೈಡ್ ಆರ್ಡರ್!"