ಸೊಂಟದವರೆಗೆ ರಕ್ಷಣೆ

ನವೆಂಬರ್ ಎರಡು, ಭಾನುವಾರ, ಮಧ್ಯಾಹ್ನ ಮೂರು ಗಂಟೆ. ಸ್ಥಳ, ಚಿತ್ರದುರ್ಗದ ಕ್ರೈಸ್ತರ ಸ್ಮಶಾನ. ಹಾಜರಿದ್ದವರು ನಾನು, ನನ್ನ ಭಾವ, ಒಂದು ಬಕೆಟ್ ಸುಣ್ಣ. ಅಕ್ಕ ಅಲ್ಲಿ ಮಲಗಿ ಮೂರು ವರ್ಷವಾಯಿತು.

ಭಾವನ ಬಗ್ಗೆ ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಅವರು ಸೊಂಟದವರೆಗೆ ಮಾತ್ರ ರಕ್ಷಣೆ ಹೊಂದಿದವರು. ಮೇಲಿನ ಅರ್ಧದ ತೀರ್ಮಾನ ಇನ್ನೂ ಆಗಿಲ್ಲ. ನೀವು ನಗುತ್ತೀರಿ. ಅವರು ನಗುವುದಿಲ್ಲ.

ಅಕ್ಕನೂ ನಾನೂ ಹುಟ್ಟಿನಿಂದ ಕಥೋಲಿಕರು, ಸಿಸ್ಟರುಗಳ ಬೋರ್ಡಿಂಗಿನಲ್ಲಿ ಗಂಟೆ ಹೊಡೆದಂತೆ ಎದ್ದು ಗಂಟೆ ಹೊಡೆದಂತೆ ಮಲಗಿ ಬೆಳೆದವರು. ಭಾವ ಹೊಳಲ್ಕೆರೆಯ ಪ್ರೊಟೆಸ್ಟೆಂಟ್ ಮನೆಯವರು. ಹಿರಿಯೂರಿನ ಅವರ ಮನೆಯಲ್ಲಿ ಸಂಜೆಯಾದರೆ ಅವಳು ಜಪಮಾಲೆ ಹಿಡಿಯುತ್ತಿದ್ದಳು, ಇವರು ಬೈಬಲ್ ಹಿಡಿಯುತ್ತಿದ್ದರು. ಅಡುಗೆ ಒಂದೇ ಆದ್ದರಿಂದ ಸಂಸಾರಕ್ಕೆ ತೊಂದರೆಯಾಗಲಿಲ್ಲ. ಅವಳು ಹೋದ ಮೇಲೆ ಭಾವನಿಗೆ ಒಂದೇ ಚಿಂತೆ ಹತ್ತಿತು: ಅವಳಿಗೆ ರಕ್ಷಣೆ ಸಿಕ್ಕಿತೋ ಇಲ್ಲವೋ? ಸಿಕ್ಕಿದ್ದರೆ ಅವಳಿರುವಲ್ಲಿಗೇ ಹೋಗಿ ಸೇರುವುದು ಹೇಗೆ? ಅವರಿಗೆ ಸ್ವರ್ಗದ ಆಸೆ ಇಲ್ಲ. ಅಕ್ಕ ಬೇಕು, ಅಷ್ಟೆ.

ಮೊದಲು ತಮ್ಮ ಸಭೆಯ ಅಯ್ಯನವರನ್ನು ಕೇಳಿದರು. ನಂಬಿಕೆ ಒಂದರಿಂದಲೇ ರಕ್ಷಣೆ ಎಂದರು ಅವರು.

"ಅವಳಿಗೆ ನಂಬಿಕೆ ಇತ್ತೇನ್ರಿ ಅಯ್ಯನೋರೆ? ಜಪಮಾಲೆ ಹಿಡ್ಕಂಡೇ ನಿದ್ದೆ ಹೋಗ್ತಿದ್ಲು. ಅದು ನಂಬಿಕೆ ಲೆಕ್ಕಕ್ಕೆ ಬರುತ್ತೋ, ನಿದ್ದೆ ಲೆಕ್ಕಕ್ಕೋ?"

"ಅದು ದೇವರಿಗೆ ಗೊತ್ತು."

"ಅಷ್ಟು ನನಗೂ ಗೊತ್ತೈತೆ. ಅವನು ಹೇಳಲ್ಲ ಅಂತಾನೇ ನಿಮ್ಮನ್ನ ಕೇಳಿದ್ದು."

ಅಲ್ಲಿಂದ ನೇರ ನಮ್ಮ ಫಾದರ್ ಹತ್ತಿರ ಬಂದರು. ಫಾದರ್ ಪ್ರೀತಿಯಿಂದಲೇ ಹೇಳಿದರು: ಅವರ ಆತ್ಮಕ್ಕಾಗಿ ಪೂಜೆ ಕೊಡಿಸಿ, ಪ್ರಾರ್ಥನೆ ಮಾಡಿ, ಸ್ವರ್ಗಕ್ಕೆ ಮುಂಚೆ ಪಾಪ ತೊಳೆಯುವ ಶುದ್ಧೀಕರಣದ ಸ್ಥಳದಲ್ಲಿದ್ದರೆ ಬೇಗ ಬಿಡುಗಡೆಯಾಗುತ್ತದೆ. ಭಾವನಿಗೆ ಮೈಯೆಲ್ಲ ಉರಿಯಿತು. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದ ಹೆಂಗಸಿಗೆ ಶುದ್ಧೀಕರಣವೇ? "ಅವಳನ್ನ ಅಲ್ಲಿಗೆ ಕಳಿಸಿದ್ರೆ, ಇಷ್ಟೊತ್ತಿಗೆ ಅಲ್ಲಿರೋರನ್ನೆಲ್ಲ ಉಜ್ಜಿ ತೊಳೆದು ಮೇಲಕ್ಕೆ ಕಳಿಸಿರ್ತಾಳೆ" ಎಂದು ಎದ್ದು ಬಂದರು.

ಮೂರನೆಯದು, ಹಿರಿಯೂರಿನಲ್ಲಿ ಬಾಡಿಗೆ ಮಳಿಗೆಯ ಮೇಲೆ ಕೂಡುವ ಒಂದು ಸಣ್ಣ ಸಭೆ. ಕೂಸಿನ ಹಣೆಗೆ ಹನಿಸಿದ ನೀರು ಲೆಕ್ಕಕ್ಕಿಲ್ಲ, ಬುದ್ಧಿ ಬಂದ ಮೇಲೆ ನಂಬಿ ಪೂರ್ತಿ ಮುಳುಗಬೇಕು ಎಂಬುದು ಅವರ ಮಾತು. ಭಾವ ಒಪ್ಪಿದರು. ಮಾರಿಕಣಿವೆಯ ಹಿನ್ನೀರಿಗೆ ಟೆಂಪೊ ಹೊರಟಿತು. ಸೊಂಟಮಟ್ಟ ನೀರಿನಲ್ಲಿ ಪಾಸ್ಟರ್ ಇವರ ಬೆನ್ನಿಗೆ ಕೈ ಕೊಟ್ಟರು.

"ಬ್ರದರ್, ಹಿಂದಕ್ಕೆ ಬಾಗ್ರಿ."

"ತಡೀರಿ, ಒಂದು ಮಾತು. ನನ್ನ ಹೆಂಡ್ತಿ ಹಿಂಗೆ ಮುಳುಗಿರಲಿಲ್ಲ. ಅವಳ ಗತಿ?"

ಪಾಸ್ಟರ್ ಎಳೆಯ ಹುಡುಗ, ಸುಳ್ಳು ಬಾರದವನು. ತಲೆ ತಗ್ಗಿಸಿದ.

"ಹಂಗಾದ್ರೆ ನನ್ನ ಕೈ ಬಿಡಪ್ಪ. ನಾನು ಮುಳುಗಿ ಒಂದು ಕಡೆ, ಅವಳು ಮುಳುಗದೆ ಇನ್ನೊಂದು ಕಡೆ ಆಗಾದು ಬ್ಯಾಡ" ಎಂದವರೇ ದಡಕ್ಕೆ ನಡೆದರು. ವಾಪಸು ಬರುವ ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ನಿಂತಿದ್ದರಂತೆ. "ಕುಂತ್ಕಳ್ರಿ ಅಜ್ಜ" ಎಂದ ಕಂಡಕ್ಟರನಿಗೆ, "ಅರ್ಧ ರಕ್ಷಣೆ ಆಗೈತೆ, ಸೀಟು ಒದ್ದೆ ಆಗುತ್ತೆ" ಎಂದರಂತೆ. ಆತ ಟಿಕೆಟ್ ಹರಿದು ಕೊಟ್ಟು ದೂರ ಹೋಗಿ ನಿಂತನಂತೆ.

ಇಂಥವರು ಇಂದು ಸುಣ್ಣ ಹೊತ್ತು ಬಂದಿದ್ದರು. ಸತ್ತವರ ಬಿಡುಗಡೆಗೆ ಬೇಡುವ ಈ ಮೃತರ ದಿನಕ್ಕೆ ಎಲ್ಲರೂ ಹಿಂದಿನ ವಾರವೇ ಸಮಾಧಿಗೆ ಸುಣ್ಣ ಬಳಿದು ಮುಗಿಸಿರುತ್ತಾರೆ. ಇವರು ಆ ದಿನವೇ ಬರುವವರು. ಬೈದೆ. ಬೈಸಿಕೊಂಡು ಬಳಿಯತೊಡಗಿದರು. ಸಂಜೆಯಾಗುತ್ತಿದ್ದಂತೆ ಸುತ್ತಲೂ ಜನ ಮೇಣದಬತ್ತಿ ಹಚ್ಚತೊಡಗಿದರು. ನಾನೂ ಒಂದು ಕೊಟ್ಟೆ. ಭಾವ ಮುಟ್ಟಲಿಲ್ಲ. ಹಚ್ಚಿದರೆ ಅವಳು ಶುದ್ಧೀಕರಣದ ಸ್ಥಳದಲ್ಲಿದ್ದಾಳೆಂದು ಒಪ್ಪಿದಂತಾಯಿತಲ್ಲ? ಹಚ್ಚದಿದ್ದರೆ ಅವಳೊಬ್ಬಳೇ ಕತ್ತಲಲ್ಲಿ ಉಳಿಯುತ್ತಾಳಲ್ಲ? ಬಹಳ ಯೋಚಿಸಿ, ಮೊಬೈಲಿನ ಟಾರ್ಚ್ ಹೊತ್ತಿಸಿ ಶಿಲುಬೆಯ ಬುಡದಲ್ಲಿಟ್ಟರು. ಫಾದರ್ ಪ್ರಾರ್ಥನೆ ಹೇಳುವ ಹೊತ್ತಿಗೆ ಸರಿಯಾಗಿ ಅದು ದೊಡ್ಡ ದನಿಯಲ್ಲಿ ಹೊಡೆದುಕೊಂಡಿತು. ಇಡೀ ಸ್ಮಶಾನ ನಮ್ಮ ಕಡೆ ತಿರುಗಿತು.

ಭಾವ ಬಗ್ಗಿ ನೋಡಿದರು. "ಅವಳಲ್ಲ, ಬಿಡ್ರಿ" ಎಂದರು ಎಲ್ಲರಿಗೂ. "ಹೊಸದುರ್ಗದಿಂದ ನನ್ನ ತಮ್ಮ."

ನಾನು ನಗಬೇಕೆಂದಿದ್ದೆ. ಅವರು ಫೋನ್ ಆರಿಸಿ ಜೇಬಿಗೆ ಹಾಕಿಕೊಂಡು, ಬೆಳಕು ಆರಿದ ಶಿಲುಬೆಯ ಬುಡವನ್ನು ಅಂಗೈಯಿಂದ ಒಮ್ಮೆ ಸವರಿದರು. ಜನ ಚದುರಿದ ಮೇಲೆ ಕೇಳಿದರು, "ನೀನೇನಂತೀಯಮ್ಮ? ನೀನು ಅವಳ ಒಡಹುಟ್ಟಿದೋಳು. ನಿನ್ನನ್ನ ಇದುವರೆಗೂ ಕೇಳಿಲ್ಲ."

ನನಗೆ ಶಾಸ್ತ್ರ ತಿಳಿಯದು. ತಿಳಿದದ್ದನ್ನು ಹೇಳಿದೆ. ಬೋರ್ಡಿಂಗಿನಲ್ಲಿ ನನ್ನ ಊಟ ನಿಧಾನ. ಊಟ ಬಿಟ್ಟು ಏಳುವ ಗಂಟೆ ಹೊಡೆದರೂ ಅಕ್ಕ ಖಾಲಿ ತಟ್ಟೆಯ ಮುಂದೆ ನನ್ನ ಪಕ್ಕ ಕೂತೇ ಇರುತ್ತಿದ್ದಳು. ಸಿಸ್ಟರ್ ಕಿವಿ ಹಿಂಡಿದರೂ ಏಳುತ್ತಿರಲಿಲ್ಲ. ನಾನು ಕೊನೆಯ ತುತ್ತು ನುಂಗಿ ಎದ್ದ ಮೇಲೆಯೇ ಅವಳು ಏಳುತ್ತಿದ್ದುದು.

"ಒಳಗೆ ಬಾ ಅಂತ ಯಾರು ಕರೆದರೂ ನಮ್ಮನ್ನ ಬಿಟ್ಟು ಹೋಗೋಳಲ್ಲ ಅವಳು. ಬಾಗಿಲಲ್ಲೇ ನಿಂತಿರ್ತಾಳೆ, ಭಾವ."

ಅವರು ಬಕೆಟ್ಟಿನ ಸುಣ್ಣ ಕಲಕಿದರು.

"ನಿಂತ್ರೆ ಅವಳಿಗೆ ಮಂಡಿ ನೋವು."

"ಕುರ್ಚಿ ಹಾಕಿಕೊಟ್ಟಿರ್ತಾರೆ."

"ಕೊಟ್ಟಿರ್ತಾರಾ?"

"ಕೊಟ್ಟಿರ್ತಾರೆ."

ಕಾಂಪೌಂಡಿನ ಕಡೆಗಿದ್ದ, ಯಾರಿಗೂ ಕಾಣದ, ಸಮಾಧಿಯ ಒಂದು ಮಗ್ಗುಲಿಗೆ ಸುಣ್ಣ ಬಾಕಿ ಇತ್ತು. ನಾನು ಮೇಣದಬತ್ತಿ ಹಿಡಿದೆ, ಅವರು ಬಳಿದರು. ಪೂರ್ತಿ ಕತ್ತಲಾಗುವುದರೊಳಗೆ ಮುಗಿಯಿತು.