ಒಂದೇ ಚೀಟಿಯ ಊಟ

ಡ್ರೈವಿಂಗ್ ಕಲಿಸುವವನ ಕೆಲಸವೇ ಹಾಗೆ. ನಗೆಪಾಟಲಿನ ಪ್ರಸಂಗಗಳು ಎದುರಿನಿಂದ, ಹಿಂದಿನಿಂದ, ಒನ್‌ವೇಯಲ್ಲಿ ಉಲ್ಟಾ ಬಂದಾದರೂ ಗುದ್ದಿಯೇ ಹೋಗುತ್ತವೆ. ಇಪ್ಪತ್ತೇಳು ವರ್ಷದಿಂದ ಹಲಸೂರಿನ ಒಂದು ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಎಡಗಡೆ ಸೀಟು ನನ್ನದು. ನನ್ನ ಕಾಲ ಬಳಿಯೂ ಒಂದು ಬ್ರೇಕ್ ಇದೆ. ಆದರೆ ಹೋದ ವರ್ಷ ಎದೆನೋವು ಬಂದಾಗ ಅದು ಕೆಲಸಕ್ಕೆ ಬರಲಿಲ್ಲ. ಆಸ್ಪತ್ರೆ ಸೇರಿದೆ, ಸ್ಟೆಂಟ್ ಹಾಕಿದರು, ಹಿಂದೆಯೇ ಪಥ್ಯ ಬಂತು. ಎದೆನೋವು ಒಂದು ದಿನದ್ದು. ಪಥ್ಯ ದಿನಕ್ಕೆ ಮೂರು ಹೊತ್ತು.

ತಮ್ಮ

ಆಸ್ಪತ್ರೆಯಿಂದ ಮನೆಗೆ ಹೊರಡುವ ದಿನ ಡಯಟಿಷಿಯನ್ ಮೇಡಂ ಫೈಲ್ ಹಿಡಿದು ಬಂದರು.

"ಅಡುಗೆ ಮಾಡೋರನ್ನ ಕರೀರಿ. ಊಟದ ವಿಷಯ ಪೇಷಂಟ್‌ಗೆ ಹೇಳಿದ್ರೆ ಪ್ರಯೋಜನ ಇಲ್ಲ, ಮನೆಯವರಿಗೇ ಹೇಳ್ಬೇಕು."

ಮನೆಯವಳು ತೀರಿಕೊಂಡು ಆರು ವರ್ಷವಾಯಿತು. ಮಕ್ಕಳಿಲ್ಲ. ಹೊಸ ತಿಪ್ಪಸಂದ್ರದ ನನ್ನ ಬಾಡಿಗೆ ಮನೆಯಲ್ಲಿ ಊಟ ಆದ ಮೇಲೆ ತೊಳೆಯುವುದು ಒಂದೇ ತಟ್ಟೆ. ಇದನ್ನೆಲ್ಲ ಹೇಗೆ ಹೇಳಲಿ ಎಂದು ನಾನು ಯೋಚಿಸುತ್ತಿರುವಾಗಲೇ, ನನ್ನನ್ನು ಮನೆಗೆ ಕರೆದೊಯ್ಯಲು ಬಂದಿದ್ದ ಆಟೋದವರು ಬ್ಯಾಗ್ ಎತ್ತಿಕೊಳ್ಳಲು ಒಳಗೆ ಬಂದರು. ಶಿವಾಜಿನಗರದವರು, ದೊಡ್ಡ ಹೊಟ್ಟೆಯ ದೊಡ್ಡ ಮನಸ್ಸಿನ ಮನುಷ್ಯ.

"ನಿಮ್ಮ ತಮ್ಮ ತಾನೇ? ಕೂತ್ಕೊಳ್ಳಿ," ಎಂದು ಮೇಡಂ ಆಟೋದವರನ್ನು ಕುರ್ಚಿಯಲ್ಲಿ ಕೂರಿಸಿಯೇಬಿಟ್ಟರು.

ಅಲ್ಲ ಎನ್ನಬಹುದಿತ್ತು. ಆದರೆ "ನಿಮ್ಮ ತಮ್ಮ" ಎಂಬ ಮಾತು ಕಿವಿಗೆ ಹಿತವಾಗಿತ್ತು, ಹೂಂ ಎಂದೆ. ಮೇಡಂ ಅರ್ಧ ಗಂಟೆ ಅವರ ಮುಖ ನೋಡಿಕೊಂಡೇ ಪಾಠ ಮಾಡಿದರು. ಕಾಳು, ಸೊಪ್ಪು, ತರಕಾರಿ, ರಾಗಿ, ಪಾಲಿಶ್ ಮಾಡದ ಅಕ್ಕಿ, ಹಣ್ಣು. ಎಣ್ಣೆ, ಮೈದಾ, ಸಕ್ಕರೆ, ಮಾಂಸ ದೂರ. ಮಾತ್ರೆ ಮಾತ್ರ ತಪ್ಪಿಸುವ ಹಾಗಿಲ್ಲ. ಆಟೋದವರು ಶ್ರದ್ಧೆಯಿಂದ ತಲೆಯಾಡಿಸಿ, ಕೊನೆಗೆ ಕೇಳಿದರು.

"ಮೇಡಂ, ಶುಕ್ರವಾರ ಬಿರಿಯಾನಿ?"

"ಇಲ್ಲ."

"ಬಕ್ರೀದ್‌ಗೆ?"

ಮೇಡಂ ಫೈಲಿನಲ್ಲಿದ್ದ ನನ್ನ ಹೆಸರು ನೋಡಿದರು, ಅವರ ಮುಖ ನೋಡಿದರು, ನನ್ನ ಹಣೆಯ ವಿಭೂತಿ ನೋಡಿದರು. "ನಿಮ್ಮನೇಲಿ ಎಲ್ಲಾ ಹಬ್ಬಾನೂ ಮಾಡ್ತೀರಾ?"

"ಕಂಟೋನ್ಮೆಂಟ್ ಕಡೆಯವರು ಮೇಡಂ, ಅಲ್ಲಿ ಎಲ್ರೂ ಎಲ್ಲಾನೂ ಮಾಡ್ತಾರೆ," ಎಂದೆ.

ಹುರುಳಿಕಾಳು

ಮನೆಗೆ ಬಂದು ನೋಡಿದರೆ ಪಥ್ಯದ ಚೀಟಿ ಇಲ್ಲ. ಮೇಡಂ ಅದನ್ನು ನನ್ನ 'ತಮ್ಮ'ನ ಕೈಗೇ ಕೊಟ್ಟಿದ್ದರು, ಅದು ಆಟೋದವರ ಖಾಕಿ ಜೇಬಿನಲ್ಲೇ ಹೋಗಿತ್ತು. ಇನ್ನೊಂದು ಕೇಳೋಣವೆಂದರೆ ಮೇಡಂ "ನಿಮ್ಮ ತಮ್ಮನ ಹತ್ರ ಇದೆಯಲ್ಲ" ಎಂದಾರು. ಸುಳ್ಳು ಹೇಳಿದ ಬಾಯಿ, ಹೋಗಲು ನಾಚಿಕೆಯಾಯಿತು. ಏನು ತಿನ್ನಬೇಕು ಎನ್ನುವುದು ನೆನಪಿತ್ತು. ಎಷ್ಟು ಎನ್ನುವುದು ನೆನಪಿರಲಿಲ್ಲ. ಒಳ್ಳೆಯದು ಜಾಸ್ತಿಯಾದರೆ ತಪ್ಪೇನು ಎಂದು ಬೆಳಿಗ್ಗೆ ಒಂದು ದೊಡ್ಡ ಲೋಟದ ತುಂಬ ಬೇಯಿಸಿದ ಹುರುಳಿಕಾಳು ತಿಂದು ಕೆಲಸಕ್ಕೆ ಹೋದೆ.

ಆಗ ನನ್ನ ಹತ್ತಿರ ಕಲಿಯುತ್ತಿದ್ದವರು ಬ್ಯಾಂಕಿನ ಒಬ್ಬ ಮೇಡಂ. ಧೂಳೆಂದರೆ ಆಗದು, ಕಿಟಕಿ ಇಳಿಸುವವರಲ್ಲ, ಎ.ಸಿ. ಬೇಕೇ ಬೇಕು. ಕಲಿಕೆ ಮಾತ್ರ ನಿಧಾನ. ಗೇರ್ ಹಾಕಿದರೆ ರಸ್ತೆ ಮರೆಯುವರು, ರಸ್ತೆ ನೋಡಿದರೆ ಗೇರ್ ಮರೆಯುವರು. ಆ ದಿನ ಇಂದಿರಾನಗರದ ದೊಡ್ಡ ರಸ್ತೆಯಲ್ಲಿ ಹುರುಳಿಕಾಳು ತನ್ನ ಕೆಲಸ ತೋರಿಸಿತು. ನಾನು ಕಿಟಕಿಯಾಚೆ ನೋಡುತ್ತ ಕೂತೆ. ಮೇಡಂ ಕಣ್ಣು ರಸ್ತೆಯಿಂದ ಕದಲಲಿಲ್ಲ. ಎಡಗೈಯಲ್ಲಿ ಸಲೀಸಾಗಿ ಮೂರನೇ ಗೇರ್ ಹಾಕಿ, ಬಲಗೈಯಲ್ಲಿ ಸ್ಟಿಯರಿಂಗ್ ಬಿಡದೆ ನಾಲ್ಕೂ ಕಿಟಕಿ ಒಟ್ಟಿಗೆ ಇಳಿಸಿದರು. ಹತ್ತು ದಿನದಲ್ಲಿ ನಾನು ಕಲಿಸಲಾಗದ್ದನ್ನು ಹುರುಳಿಕಾಳು ಹತ್ತು ಸೆಕೆಂಡಿನಲ್ಲಿ ಕಲಿಸಿತ್ತು.

"ಗಾಳಿ ಚೆನ್ನಾಗಿದೆ ಅಲ್ವಾ ಸರ್?" ಎಂದರು ಮರ್ಯಾದಸ್ತ ಹೆಂಗಸು.

ನಮ್ಮ ಮುಂದೆ ಕಸದ ಲಾರಿ ಹೋಗುತ್ತಿತ್ತು.

ಬೀಗರ ಊಟ

ನಗು ಒಂದು ಕಡೆ ಇರಲಿ. ಸ್ಕೂಲಿನ ಇನ್ನಿಬ್ಬರು ಮೇಷ್ಟ್ರುಗಳ ಜೊತೆ ನಾನು ಹದಿನೈದು ವರ್ಷ ಹಲಸೂರು ಮಾರ್ಕೆಟ್ ಹಿಂದಿನ ಮೆಸ್ಸಿನಲ್ಲಿ ಊಟ ಮಾಡಿದವನು. ಪಥ್ಯ ಶುರುವಾದ ಮೇಲೆ ಅವರು ಮೊದಮೊದಲು "ಬರ್ತೀರಾ ಸರ್?" ಎಂದು ಕೇಳಿದರು. ಆಮೇಲೆ ಕೇಳುವುದು ಬಿಟ್ಟರು. ತಪ್ಪು ಅವರದಲ್ಲ. ಮಧ್ಯಾಹ್ನ ಒಂದೂವರೆಗೆ ಕಾರನ್ನು ಮರದ ನೆರಳಿಗೆ ಹಾಕಿ, ಖಾಲಿ ಡ್ರೈವರ್ ಸೀಟಿನ ಪಕ್ಕ ಕೂತು ಡಬ್ಬಿ ಬಿಚ್ಚುತ್ತಿದ್ದೆ. ಸಾವಿನ ಭಯ ಹೋಗಿತ್ತು. ಒಂದೂವರೆ ಗಂಟೆಯ ಭಯ ಶುರುವಾಗಿತ್ತು.

ಹಾಗಾಗಿ ಬೈಯಪ್ಪನಹಳ್ಳಿಯ ಹಳೆಯ ಶಿಷ್ಯನೊಬ್ಬ ತನ್ನ ಮದುವೆಯ ಬೀಗರ ಊಟಕ್ಕೆ ಕರೆದಾಗ ಓಡಿಹೋದೆ. ಬಾಡೂಟ ಅಂತ ಗೊತ್ತು. ನಾನು ತಿನ್ನುವ ಹಾಗಿಲ್ಲ, ಪಂಕ್ತಿಯಲ್ಲಿ ಕೂರಬಹುದಲ್ಲ! ಆದರೆ ಹುಡುಗನ ತಾಯಿ ಮಹಾ ಪ್ರೀತಿಯ ಹೆಂಗಸು. "ಹಾರ್ಟಿನವ್ರು ಬತ್ತಾರೆ" ಎಂದು ನನಗಾಗಿ ಮೂಲೆಯಲ್ಲಿ ಬೇರೆ ಮೇಜು, ಬಿಳಿ ಬಟ್ಟೆ, ಒಂದೇ ಒಂದು ಬಾಳೆಲೆ, ಪಕ್ಕದಲ್ಲಿ ಫ್ಯಾನು ಇಡಿಸಿದ್ದರು. ಎಲೆ ಮೇಲೆ ಕೋಸಂಬರಿ, ಬೇಯಿಸಿದ ಕಾಳು, ಹಣ್ಣು. ಎದುರಿಗೆ ಮುನ್ನೂರು ಜನ ಭುಜಕ್ಕೆ ಭುಜ ತಾಗಿಸಿ ಮುದ್ದೆ ಮುರಿಯುತ್ತಿದ್ದರು.

ನೋಡುವವರಿಲ್ಲ ಎಂದು ನಾನು ಗಡ್ಡ ಬಿಟ್ಟಿದ್ದೆ. ಶಿಷ್ಯ ಬೇರೆ ಶಾಲು ಹೊದಿಸಿದ್ದ. ಸ್ವಲ್ಪ ಹೊತ್ತಿಗೆ ಒಬ್ಬ ಅಜ್ಜಿ ಬಂದು ಕಾಲಿಗೆ ಬಿದ್ದರು. ಹಿಂದೆ ಐದಾರು ಜನ ಸಾಲು ನಿಂತರು.

"ಸ್ವಾಮಿ, ಮೊಮ್ಮಗಳಿಗೆ ಇಪ್ಪತ್ತೆಂಟಾಯ್ತು. ಇನ್ನೂ ಕಂಕಣಬಲ ಕೂಡಿ ಬಂದಿಲ್ಲ. ಏನ್ಮಾಡ್ಬೇಕು?"

ನನಗೆ ಗೊತ್ತಿರುವುದು ಡ್ರೈವಿಂಗ್ ಲೈಸೆನ್ಸಿನ ವಿಷಯ ಒಂದೇ, ಅದನ್ನೇ ಹೇಳಿದೆ. "ಮೊದಲು ಎಲ್‌ಎಲ್ ಮಾಡ್ಸಿ ಅಮ್ಮ. ಆಮೇಲೆ ಒಂದು ತಿಂಗಳು ಕಾಯ್ಬೇಕು."

"ಒಂದೇ ತಿಂಗಳಾ ಸ್ವಾಮಿ!" ಎಂದು ಅಜ್ಜಿ ಮತ್ತೆ ಕಾಲಿಗೆ ಬಿದ್ದರು.

ಚೀಟಿ

ಆಸ್ಪತ್ರೆಯಿಂದ ಬಂದು ಏಳು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಹಲಸೂರು ಕೆರೆಯ ಪಕ್ಕ ನನ್ನ ಶಿಷ್ಯೆಯೊಬ್ಬಳು ನಡುರಸ್ತೆಯಲ್ಲಿ ಕಾರು ಆಫ್ ಮಾಡಿಬಿಟ್ಟಳು. ಹಿಂದಿನ ಆಟೋ ಒಂದೇ ಸಮ ಹಾರ್ನ್ ಹೊಡೆಯಿತು. ಡ್ರೈವರು ಜಗಳಕ್ಕೆ ಇಳಿದು ಬಂದರು. ಅಂಗಿಯೊಳಗೆ ಇನ್ನೊಬ್ಬ ತೂರುವಷ್ಟು ಜಾಗವಿತ್ತು. ಬಗ್ಗಿ ನನ್ನ ಮುಖ ನೋಡಿದರು.

"ಅರೆ ಅಣ್ಣಾ! ಬದುಕಿದೀರಾ?"

ನನ್ನ ತಮ್ಮ! ಹೊಟ್ಟೆ ಎಲ್ಲಿ ಹೋಯಿತೆಂದು ಕೇಳಿದೆ. ಅವರು ನನ್ನನ್ನು ಆಟೋ ಹತ್ತಿರ ಕರೆದೊಯ್ದು ತೋರಿಸಿದರು. ಮೀಟರ್ ಪಕ್ಕದಲ್ಲಿ, ಲ್ಯಾಮಿನೇಷನ್ ಮಾಡಿಸಿದ ನನ್ನ ಚೀಟಿ ನೇತಾಡುತ್ತಿತ್ತು.

"ಡಾಕ್ಟರಮ್ಮ ಅರ್ಧ ಗಂಟೆ ನನ್ ಮುಖಾನೇ ನೋಡ್ಕೊಂಡು ಹೇಳಿದ್ರಲ್ಲ ಅಣ್ಣಾ. ನನಗೇ ಏನೋ ಇದೆ, ಹೆದರಿಸ್ಬಾರ್ದು ಅಂತ ನಿಮ್ ಹೆಸರಲ್ಲಿ ಹೇಳ್ತಿದಾರೆ ಅಂದ್ಕೊಂಡೆ."

ನನಗೆ ನಗು ತಡೆಯಲಾಗಲಿಲ್ಲ. ಅವರು ನಗಲಿಲ್ಲ.

"ನಮ್ಮನೇಲಿ ಒಂಬತ್ತು ಜನ. ಊಟಕ್ಕೆ ನೆಲದ ಮೇಲೆ ದಸ್ತರ್ ಬಟ್ಟೆ ಹಾಸಿ ಎಲ್ರೂ ಸುತ್ತ ಕೂರ್ತಾರೆ. ನಂಗೆ ಮಾತ್ರ ಮೂಲೇಲಿ ಒಂದು ಬಟ್ಲು. 'ಅಬ್ಬಾಗೆ ಹುಲ್ಲು ಹಾಕಿದ್ರಾ' ಅಂತ ಮಗಳು ಕೇಳ್ತಾಳೆ. ಒಬ್ನೇ ತಿನ್ನೋದು ಭಾಳ ಕಷ್ಟ ಅಣ್ಣಾ."

ಒಂಬತ್ತು ಜನರ ಮನೆಯಲ್ಲೂ ನನ್ನಂಥವನೊಬ್ಬ ಇರಬಹುದೆಂದು ನನಗೆ ಹೊಳೆದೇ ಇರಲಿಲ್ಲ. ಕಾರನ್ನು ರಸ್ತೆ ಬದಿಗೆ ಹಾಕಿ ನನ್ನ ಡಬ್ಬಿ ತಂದೆ, ಅವರು ತಮ್ಮದು ತೆಗೆದರು. ಶಿಷ್ಯೆಯನ್ನು ಸ್ಕೂಲಿಗೆ ನಡೆದುಕೊಂಡು ಹೋಗಲು ಹೇಳಿದೆ. ಅವಳಿಗೂ ಊರಿಗೂ ಅದೇ ಕ್ಷೇಮವಾಗಿತ್ತು.

ಅಂದಿನಿಂದ ದಿನಾ ಒಂದೂವರೆಗೆ ಕೆರೆ ಪಕ್ಕ ಆಟೋ ಬರುತ್ತದೆ. ಅವರು ಒಂದೊಂದೇ ಅಕ್ಷರ ಕೂಡಿಸಿ ಚೀಟಿ ಓದುತ್ತಾರೆ, ಅದರ ಪ್ರಕಾರ ಇಬ್ಬರೂ ತಿನ್ನುತ್ತೇವೆ. ಕಾಳು ಒಂದು ಹಿಡಿ ಮಾತ್ರ, ಲೋಟದ ತುಂಬ ಅಲ್ಲ ಎಂದು ನನಗೆ ಗೊತ್ತಾದದ್ದು ಆಗಲೇ.

ಹೋದ ತಿಂಗಳು ಆಸ್ಪತ್ರೆಗೆ ತೋರಿಸಲು ಹೋದಾಗ ಅವರೂ ಬಂದರು. ನರ್ಸ್ ನನ್ನ ತೋಳಿಗೆ ಬಿಪಿ ಪಟ್ಟಿ ಕಟ್ಟುತ್ತಿದ್ದರು. ಡಯಟಿಷಿಯನ್ ಮೇಡಂ ಆಟೋದವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಪೇಷಂಟ್ ಇವರಲ್ವಾ? ತಮ್ಮ ಯಾಕೆ ಸಣ್ಣ ಆಗಿದಾರೆ?" ಎಂದರು.

"ಇಬ್ರೂ ಒಂದೇ ಚೀಟೀಲಿ ಊಟ ಮಾಡ್ತೀವಿ ಮೇಡಂ," ಎಂದು ಅವರು ಲ್ಯಾಮಿನೇಷನ್ ತೋರಿಸಿದರು.

"ಅಯ್ಯೋ, ಒಂದನ್ನೇ ಯಾಕೆ ಹಂಚ್ಕೊಳ್ತೀರಿ? ಇರಿ, ಅಣ್ಣಂಗೆ ಅಂತ ಬೇರೆ ಪ್ರಿಂಟ್ ಕೊಡ್ತೀನಿ."

ಮೇಡಂ ಮೌಸ್ ಹಿಡಿದರು. ನನ್ನ ಹತ್ತಿರವೂ ಒಂದು ಚೀಟಿ ಇದ್ದರೆ ಒಂದೂವರೆಗೆ ಆ ಆಟೋ ಯಾಕೆ ಬರಬೇಕು?

"ಬೇಡ ಮೇಡಂ!" ಎಂದು ಕೂಗಿದೆ. ನೋಡಿದರೆ ಆಟೋದವರೂ ಕೂಗಿದ್ದರು.

"ಸರ್, ಬಿಪಿ ನೂರ ಅರವತ್ತಕ್ಕೆ ಹೋಯ್ತು!" ಎಂದು ನರ್ಸ್ ಗಾಬರಿಯಾದರು.

ಮೇಡಂ ಹೆದರಿ ಪ್ರಿಂಟ್ ನಿಲ್ಲಿಸಿದರು. ಐದು ನಿಮಿಷ ಬಿಟ್ಟು ನರ್ಸ್ ಮತ್ತೆ ಬಿಪಿ ನೋಡಿದರು. ನೂರ ಇಪ್ಪತ್ತಿತ್ತು.