ಎಂಬತ್ತಾರು ಹೆಜ್ಜೆಯ ಜಾಗ

ಮಂಗಳವಾರ ಬೆಳಿಗ್ಗೆ ಡೆಲ್ಮರ್ ಹಾಸ್ಕಿನ್ಸನ ಕಾರಿನ ಗಾಜಿಗೆ ಕಿತ್ತಳೆ ಬಣ್ಣದ ಚೀಟಿಯೊಂದು ಅಂಟಿಕೊಂಡಿತ್ತು. ‘ಇದು ಅತಿಥಿಗಳ ಜಾಗ. ಎರಡು ಗಂಟೆ ಮಾತ್ರ. ಮತ್ತೊಮ್ಮೆ ಕಂಡರೆ ಕಾರನ್ನು ಎಳೆದೊಯ್ಯಲಾಗುವುದು.’ ಅಂಟು ಎಷ್ಟು ಗಟ್ಟಿಯಾಗಿತ್ತೆಂದರೆ, ಉಗುರಿನಿಂದ ಕಾಲುಗಂಟೆ ಕೆರೆದರೂ ಅರ್ಧ ಚೀಟಿ ಮಾತ್ರ ಕಿತ್ತುಬಂತು.

ಅರಿಜೋನಾದ ಆ ಮೊಬೈಲ್ ಹೋಮ್ ಪಾರ್ಕಿನಲ್ಲಿ ಐವತ್ತೈದು ದಾಟಿದವರಿಗೆ ಮಾತ್ರ ಪ್ರವೇಶ. ಇದ್ದ ಅರವತ್ತು ಮನೆಗಳಿಗೂ ಅಡಿಯಲ್ಲಿ ಗಾಲಿಗಳಿದ್ದವು, ಆದರೆ ಯಾವ ಮನೆಯೂ ಉರುಳಿ ಮೂವತ್ತು ವರ್ಷಗಳಾಗಿದ್ದವು. ಮನೆ ನಿವಾಸಿಗಳದ್ದು, ನೆಲ ಕಂಪನಿಯದ್ದು, ನಿಯಮವೆಲ್ಲ ಮ್ಯಾನೇಜರ್ ಗ್ಲೆಂಡಾಳದ್ದು. ಡೆಲ್ಮರನ ಹದಿನೇಳನೇ ನಂಬರಿನ ಮನೆ ಕ್ಲಬ್‌ಹೌಸಿನ ಪಕ್ಕಕ್ಕೇ ಇತ್ತು. ಇಕ್ಕಟ್ಟಿನ ನಿವೇಶನವಾದ್ದರಿಂದ ಕಾರಿಗೆ ಅಲ್ಲಿ ಸ್ಥಳವಿರಲಿಲ್ಲ. ಅವನ ಪಾಲಿಗೆ ಬಂದ ಜಾಗ ಅಂಚೆಪೆಟ್ಟಿಗೆಗಳ ಹತ್ತಿರವಿತ್ತು. ಅಲ್ಲಿಂದ ಮನೆಯ ಮೆಟ್ಟಿಲಿಗೆ ಎಂಬತ್ತಾರು ಹೆಜ್ಜೆ.

ಅವನು ಎಣಿಸಿದ್ದ. ಎಣಿಸದೆ ಇರುವಂತಿರಲಿಲ್ಲ. ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿ ಸವೆದ ಸೊಂಟದ ಕೀಲು ಒಂದೊಂದು ಹೆಜ್ಜೆಗೂ ಲೆಕ್ಕ ಕೇಳುತ್ತಿತ್ತು. ಹೋದ ತಿಂಗಳು ಐವತ್ತನೇ ಹೆಜ್ಜೆಯಲ್ಲಿ ಮುಗ್ಗರಿಸಿ, ನೂರಹತ್ತು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲಿನಲ್ಲಿ, ಒಡೆದ ಮೊಟ್ಟೆಗಳ ಪಕ್ಕದಲ್ಲಿ ಹತ್ತು ನಿಮಿಷ ಬಿದ್ದಿದ್ದ. ಅಂದಿನಿಂದ ಅವನಿಗೆ ಹೆದರಿಕೆ. ಇನ್ನೊಮ್ಮೆ ಬಿದ್ದರೆ ಏಳುವುದು ಕಷ್ಟವೆಂದು ಗೊತ್ತಿತ್ತು. ಆದ್ದರಿಂದಲೇ ಮೆಟ್ಟಿಲೆದುರಿಗಿದ್ದ, ವರ್ಷಕ್ಕೊಬ್ಬ ಅತಿಥಿಯೂ ಬಾರದ ಜಾಗದಲ್ಲಿ ಕಾರು ನಿಲ್ಲಿಸತೊಡಗಿದ್ದ. ಗ್ಲೆಂಡಾ ಕಂಡೂ ಕಾಣದ ಹಾಗೆ ಇದ್ದಳು, ಇವತ್ತಿನ ತನಕ.

“ನನ್ನ ಮೇಲೆ ಬೇಜಾರು ಮಾಡ್ಕೋಬೇಡಿ ಡೆಲ್ಮರ್,” ಎಂದಳು ಗ್ಲೆಂಡಾ, ಅವನು ಆಫೀಸಿಗೆ ಬಂದಾಗ. “ಮೂರು ಗಂಟೆಗೆ ಕಂಪನಿಯ ದೊಡ್ಡ ಸಾಹೇಬ್ರು ತಪಾಸಣೆಗೆ ಬರ್ತಿದಾರೆ. ಇವತ್ತೊಂದಿನ ತಡ್ಕೊಳ್ಳಿ. ನಾಳೆ ಅಲ್ಲೇ ‘ಹದಿನೇಳು’ ಅಂತ ನಂಬರ್ ಬೋರ್ಡ್ ಹೊಡಿಸ್ತೀನಿ, ಜಾಗ ನಿಮ್ಮದೇ. ಪಾರ್ಕಿಗೆ ಒಂದಾದ್ರೂ ಅತಿಥಿ ಜಾಗ ಇರ್ಲೇಬೇಕು ಅಂತ ನಿಯಮ ಇದೆ. ಅದನ್ನ ಹಿಂದಿನ ಗೇಟಿನ ಹತ್ರ ದಬ್ತೀನಿ. ಆ ದಿಬ್ಬ ಹತ್ತಿ ಯಾರು ಹೋಗ್ತಾರೆ?”

ಡೆಲ್ಮರನ ಕಣ್ಣು ತೇವವಾಯಿತು. ಕತೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಆಫೀಸಿನ ಹೊರಗೆ ಬಟ್ಟೆಬುಟ್ಟಿ ಹಿಡಿದು ಅದೇ ಪಾರ್ಕಿನ ನಿವಾಸಿ ಮೇವಿಸ್ ನಿಂತಿದ್ದಳು.

ಮೇವಿಸ್ ಇಪ್ಪತ್ತಾರು ವರ್ಷ ಕೋರ್ಟಿನಲ್ಲಿ ಬೇರೆಯವರ ವಾದ ಬೆರಳಚ್ಚು ಮಾಡಿದವಳು. ಅಷ್ಟು ವರ್ಷ ಬಾಯಿಗೆ ಸಿಗದ ಕೆಲಸವನ್ನು ನಿವೃತ್ತಿಯಾದ ಮೇಲೆ ಬಡ್ಡಿ ಸಮೇತ ತೀರಿಸಿಕೊಳ್ಳುತ್ತಿದ್ದಳು.

“ನಂಬರ್ ಬೋರ್ಡಾ?” ಎಂದಳು. “ಅದು ಭಿಕ್ಷೆ ಕಣಯ್ಯಾ! ನಾಳೆ ಗ್ಲೆಂಡಾ ಕೆಲಸ ಬಿಟ್ರೆ ಬೋರ್ಡೂ ಹೋಯ್ತು. ನಿನ್ನ ಕಾರಿನ ಕನ್ನಡಿಗೆ ಅಂಗವಿಕಲರ ನೀಲಿ ಕಾರ್ಡು ನೇತಾಡ್ತಿದೆ ತಾನೆ?”

“ನೇತಾಡ್ತಿದೆ. ಡಾಕ್ಟರ್ ಬರ್ಕೊಟ್ರು.”

“ಮತ್ತೆ? ನೆಲಕ್ಕೆ ನೀಲಿ ಬಣ್ಣ, ಅದರ ಮೇಲೆ ಬಿಳೀ ಗಾಲಿಕುರ್ಚಿ, ಕಂಬಕ್ಕೆ ಬೋರ್ಡು. ಕಾನೂನು! ಕೇಳೋಕೆ ನಾಚಿಕೆ ಯಾಕೆ?”

“ನಂಗೆ ನಂಬರ್ ಬೋರ್ಡೇ ಸಾಕಿತ್ತು ಮೇವಿಸ್.”

“ನಿನ್ನಂಥೋರಿಂದಲೇ ನಮ್ಮ ಹಕ್ಕುಗಳು ಹಾಳಾಗೋದು,” ಎಂದು ಮೇವಿಸ್ ಬುಟ್ಟಿಯನ್ನು ಅವನ ಕೈಗೆ ಕೊಟ್ಟು ಕ್ಲಬ್‌ಹೌಸಿಗೆ ನಡೆದಳು.

ಮಧ್ಯಾಹ್ನದ ಹೊತ್ತಿಗೆ ಮೇವಿಸ್ ಬರೆದ ಮನವಿಗೆ ನಲವತ್ತೊಂದು ಸಹಿ ಬಿದ್ದಿದ್ದವು. ಇಷ್ಟು ದಿನ ಡೆಲ್ಮರನನ್ನು ಕಂಡರೆ ಕತ್ತು ಅಲ್ಲಾಡಿಸುವುದಕ್ಕೂ ಜಿಪುಣತನ ಮಾಡುತ್ತಿದ್ದವರು ನಿಂಬೆ ಶರಬತ್ತು ತಂದುಕೊಟ್ಟರು. ಪಂಪು ಮಾರಿ ನಿವೃತ್ತನಾದ ಹಾಲಿಸ್ ತನ್ನ ಹೆಂಡತಿ ಕಾಲು ಮುರಿದುಕೊಂಡಾಗ ತಂದಿದ್ದ ಗಾಲಿಕುರ್ಚಿಯನ್ನು ಎಳೆದು ತಂದ. ಇನ್ನೊಬ್ಬರು ಕತ್ತುನೋವಿಗೆ ಕಟ್ಟುವ ದಪ್ಪ ಪಟ್ಟಿ ತಂದರು.

“ಇದ್ಯಾಕಪ್ಪಾ? ನಂಗೆ ನಡೆಯೋಕೆ ಬರುತ್ತೆ. ನಿಧಾನ, ಅಷ್ಟೆ,” ಎಂದ ಡೆಲ್ಮರ್.

“ನಿನ್ನ ನಿಧಾನ ಸಾಹೇಬ್ರ ಕಣ್ಣಿಗೆ ಕಾಣ್ಸುತ್ತೇನಯ್ಯಾ?” ಎಂದಳು ಮೇವಿಸ್. “ಕೂತ್ಕೋ. ಆ ಕತ್ತಿನ ಪಟ್ಟಿನೂ ಕೊಡಿ ಇಲ್ಲಿ.”

“ಕತ್ತಿಗೇನೂ ಆಗಿಲ್ಲ!”

“ಆಗದೆ ಇರ್ಲಿ ಅಂತಾನೇ ಕಟ್ತಿರೋದು.”

ಮೂರು ಗಂಟೆಗೆ ಸಾಹೇಬ ಬ್ಯಾನಿಂಗ್ ಬಂದಾಗ ಕ್ಲಬ್‌ಹೌಸಿನ ಮುಂದೆ ಜಾತ್ರೆ ಸೇರಿತ್ತು. ನಡುವೆ ಕುರ್ಚಿಯಲ್ಲಿ ಡೆಲ್ಮರ್, ಕೆಸರಿನಲ್ಲಿ ಸಿಕ್ಕ ಎಮ್ಮೆಯ ಹಾಗೆ ಗದ್ದ ಮೇಲೆತ್ತಿಕೊಂಡು ಕೂತಿದ್ದ. ಹಿಂದೆ ಕುರ್ಚಿಯ ಹಿಡಿ ಹಿಡಿದು ಮೇವಿಸ್.

“ಸನ್ಮಾನ್ಯರೇ!” ಎಂದು ಆರಂಭಿಸಿದ ಮೇವಿಸ್, ಮನವಿ ಓದುವುದಕ್ಕೆ ಎರಡೂ ಕೈ ಬೇಕೆಂದು ಹಿಡಿ ಬಿಟ್ಟಳು.

ಆ ಪಾರ್ಕು ಹಿಂದಿನ ಗೇಟಿನಿಂದ ಮುಂದಿನ ಗೇಟಿನವರೆಗೆ ಪೂರ್ತಿ ಇಳಿಜಾರು.

“ಅಯ್ಯೋ, ಬ್ರೇಕು!” ಎಂದ ಹಾಲಿಸ್. “ಅದು ಹಿಡಿಯಲ್ಲ ಅಂತ ಹೇಳೋದು ಮರ್ತೇಹೋಯ್ತು!”

ಮೂವತ್ತು ವರ್ಷದಲ್ಲಿ ಬಸ್ಸಿಗೆ ಒಂದು ಗೀರು ಬೀಳದಂತೆ ಓಡಿಸಿದ ಡೆಲ್ಮರ್, ಸ್ಟೀರಿಂಗ್ ಚಕ್ರವಿಲ್ಲದ ಕೈಗಳಿಂದ ಗಾಳಿಯನ್ನೇ ತಿರುಗಿಸುತ್ತ ಕೆಳಗಿಳಿದ. ಗ್ಲೆಂಡಾ ಮುದ್ದಿನಿಂದ ನೆಟ್ಟಿದ್ದ ಮೂರು ಪ್ಲಾಸ್ಟಿಕ್ ಕೊಕ್ಕರೆಗಳ ಮೇಲೆ ಹಾದು, ಕಣಗಿಲೆಯ ಬೇಲಿಗೆ ನುಗ್ಗಿ ನಿಂತ. ತೊಡೆಯ ಮೇಲೆ ಒಂದು ಗುಲಾಬಿ ಕೊಕ್ಕರೆ ಕೂತಿತ್ತು. ಓದುವ ಕನ್ನಡಕ ಬೇಲಿಯೊಳಗೆಲ್ಲೋ ಮಾಯವಾಗಿತ್ತು. ಪುಣ್ಯಕ್ಕೆ ಬೇರೇನೂ ಆಗಿರಲಿಲ್ಲ.

ಬ್ಯಾನಿಂಗ್ ಓಡಿಬಂದ. ಅವನ ಮುಖ ಬಿಳಿಚಿಕೊಂಡಿತ್ತು. ಅವನ ಕಣ್ಣಿಗೆ ಆಗಲೇ ವಕೀಲರು ಕಾಣಿಸುತ್ತಿದ್ದರು.

“ಏನು ಬೇಕು ಇವರಿಗೆ? ಬೇಗ ಹೇಳಿ!”

“ಸರ್, ಅವರ ಮನೆ ಮುಂದೆ ಹದಿನೇಳು ಅಂತ ಒಂದು ನಂಬರ್ ಬೋರ್ಡು…” ಎಂದಳು ಗ್ಲೆಂಡಾ.

“ಬೇಡ! ನೀಲಿ! ನೀಲಿ!” ಎಂದು ನಲವತ್ತೊಂದು ಗಂಟಲುಗಳು ಒಟ್ಟಿಗೆ ಕೂಗಿದವು.

“ನೀವೇನಂತೀರಿ ಮಿಸ್ಟರ್ ಹಾಸ್ಕಿನ್ಸ್?”

ಡೆಲ್ಮರ್ ಗ್ಲೆಂಡಾಳನ್ನು ನೋಡಿದ. ಆಮೇಲೆ ಆ ಜನವನ್ನು ನೋಡಿದ. ಇಷ್ಟು ಮಂದಿ ತನಗೋಸ್ಕರ ಒಂದೆಡೆ ನಿಂತದ್ದು ಅವನ ಜೀವಮಾನದಲ್ಲಿ ಇದೇ ಮೊದಲು. ಹಾಗೆ ನಿಂತವರಿಗೆ ಇಲ್ಲ ಎನ್ನುವುದು ಅವನ ಕೈಲಾಗುವ ಕೆಲಸವಲ್ಲ.

“ಅವರು ಹೇಳ್ದಂಗೇ ಆಗ್ಲಿ,” ಎಂದ.

ಬ್ಯಾನಿಂಗ್ ನಿಂತಲ್ಲೇ ಒಂದು ಕಾಗದ ಬರೆದು ಮುಂದೆ ಹಿಡಿದ. ಕನ್ನಡಕವಿಲ್ಲದ ಡೆಲ್ಮರ್ ಕೊಕ್ಕರೆಯ ಬೆನ್ನ ಮೇಲೆ ಕಾಗದವಿಟ್ಟು ಸಹಿ ಹಾಕಿದ. ಚಪ್ಪಾಳೆಯ ಸದ್ದಿಗೆ ಪಾರ್ಕಿನ ನಾಯಿಗಳೆಲ್ಲ ಬೊಗಳಿದವು.

ನಾಲ್ಕು ಗಂಟೆಗೆ ರಿಪೇರಿ ಕೆಲಸದ ರೊಹೇಲಿಯೊ ಬಣ್ಣದ ಡಬ್ಬಿ ತಂದು ಕೆಲಸ ಮುಗಿಸಿದ. ಒಣಗಲು ಎರಡು ಗಂಟೆ ಬೇಕಿತ್ತು. ಡೆಲ್ಮರ್ ಕತ್ತಿನ ಪಟ್ಟಿ ಬಿಚ್ಚಿ ಮೆಟ್ಟಿಲ ಮೇಲೆ ಕೂತು, ಮದುವೆ ಚಪ್ಪರ ನೋಡುವವನಂತೆ ಆ ನೀಲಿಯನ್ನು ನೋಡಿದ. ಅವನಿಗೆ ಸಂತೋಷವಾಗಿತ್ತು. ಇನ್ನು ಮೊಟ್ಟೆ ತರಬಹುದು, ಇನ್ನು ಬೀಳುವ ಭಯವಿಲ್ಲ.

ಆರು ಗಂಟೆಗೆ, ಬೆಳಿಗ್ಗೆ ಅಂಚೆಪೆಟ್ಟಿಗೆಗಳ ಹತ್ತಿರ ಬಿಟ್ಟುಬಂದಿದ್ದ ಕಾರನ್ನು ತರಲು ಹೊರಟ. ಇದೇ ಕೊನೆಯ ಸಲವೆಂದು ಎಂಬತ್ತಾರು ಹೆಜ್ಜೆಯನ್ನೂ ಸಮಾಧಾನದಿಂದ ಎಣಿಸಿದ. ಕಾರು ಹತ್ತಿ, ಒಮ್ಮುಖ ರಸ್ತೆಯಲ್ಲಿ ಪಾರ್ಕನ್ನೆಲ್ಲ ಸುತ್ತಿ ಮನೆಯ ಮುಂದೆ ಬಂದ.

ನೀಲಿಯ ಮೇಲೆ ಮೇವಿಸಳ ಕಾರು ನಿಂತಿತ್ತು. ಅವಳು ಆಲೂಗಡ್ಡೆ ಸಲಾಡಿನ ಬೋಗುಣಿ ಹಿಡಿದು ಇಳಿಯುತ್ತಿದ್ದಳು. ಕ್ಲಬ್‌ಹೌಸಿನಲ್ಲಿ ಅಂದು ಎಲ್ಲರೂ ಒಂದೊಂದು ಅಡುಗೆ ತಂದು ಕೂಡಿ ಉಣ್ಣುವ ದಿನ.

“ಮೇವಿಸ್! ಇದು…”

“ಎಷ್ಟು ಅನುಕೂಲ ನೋಡಯ್ಯಾ! ಇಲ್ಲಿಂದ ಕ್ಲಬ್‌ಹೌಸ್ ಬಾಗಿಲಿಗೆ ಒಂಬತ್ತೇ ಹೆಜ್ಜೆ!”

“ಇದು ನನ್ನ ಜಾಗ ಅಲ್ವಾ?”

“ನಿನ್ನ ನಂಬರ್ ಎಲ್ಲಿದೆ?” ಎಂದಳು ಮೇವಿಸ್. “ನೀಲಿ ಜಾಗ ಅಂದ್ರೆ ನೀಲಿ ಕಾರ್ಡು ಇರೋ ಯಾರು ಬೇಕಾದ್ರೂ ನಿಲ್ಲಿಸ್ಬಹುದು. ಕಾನೂನು.” ಅವಳ ಕಾರಿನ ಕನ್ನಡಿಗೂ ನೀಲಿ ಕಾರ್ಡು ನೇತಾಡುತ್ತಿತ್ತು. “ನನ್ನ ಮೊಣಕಾಲು ಹೋಗಿ ಆರು ವರ್ಷ ಆಯ್ತು. ಹೇಳ್ಕೊಂಡಿರ್ಲಿಲ್ಲ, ಅಷ್ಟೆ.”

ಹಿಂದಿನಿಂದ ಹಾರ್ನ್ ಕೇಳಿತು. “ಮೇವಿಸ್, ಎಷ್ಟೊತ್ತಿಗೆ ತೆಗೀತೀಯ?” ಎಂದು ಹಾಲಿಸ್ ಕಾರಿನ ಕಿಟಕಿಯಿಂದ ತಲೆ ಹೊರಗೆ ಹಾಕಿದ. “ನೀನು ತೆಗೆದ ಮೇಲೆ ನಂದು!” ಅವನ ಕನ್ನಡಿಯಲ್ಲೂ ಕಾರ್ಡಿತ್ತು. ಅವನ ಹಿಂದಿನ ಕಾರಿನಲ್ಲೂ ಇತ್ತು, ಅದರ ಹಿಂದಿನದರಲ್ಲೂ ಇತ್ತು. ಐವತ್ತೈದು ದಾಟಿದವರ ಪಾರ್ಕಿನಲ್ಲಿ ಗಟ್ಟಿ ಮೊಣಕಾಲು ಯಾರಿಗಿರುತ್ತದೆ ಎಂದು ಬೆಳಿಗ್ಗೆ ಯಾರೂ ಯೋಚಿಸಿರಲಿಲ್ಲ. ಅಥವಾ ಡೆಲ್ಮರ್ ಒಬ್ಬನೇ ಯೋಚಿಸಿರಲಿಲ್ಲ.

ಡೆಲ್ಮರ್ ಮತ್ತೊಂದು ಸುತ್ತು ಹಾಕಿ ಅಂಚೆಪೆಟ್ಟಿಗೆಗಳ ಹತ್ತಿರ ಬಂದ. ಅವನ ಹಳೆಯ ಜಾಗದ ಮುಂದೆ ರೊಹೇಲಿಯೊ ಹೊಸ ಕಂಬ ನೆಟ್ಟು ಮಣ್ಣು ತುಳಿಯುತ್ತಿದ್ದ. ಬೋರ್ಡಿನ ಮೇಲೆ ‘ಅತಿಥಿಗಳಿಗೆ ಮಾತ್ರ. ಎರಡು ಗಂಟೆ’ ಎಂದಿತ್ತು.

“ಪಾರ್ಕಿಗೆ ಒಂದು ಅತಿಥಿ ಜಾಗ ಇರ್ಲೇಬೇಕಂತಲ್ಲ ಸಾರ್,” ಎಂದ ರೊಹೇಲಿಯೊ. “ಹಳೇ ಜಾಗ ಬಿಟ್ಕೊಡ್ತೀನಿ ಅಂತ ನೀವೇ ಸಹಿ ಹಾಕಿದೀರಂತೆ. ಈಗ ಹಿಂದಿನ ಗೇಟಿನ ಹತ್ರ ಮಾತ್ರ ಖಾಲಿ ಇದೆ.”

ಹಿಂದಿನ ಗೇಟಿನಿಂದ ಕ್ಲಬ್‌ಹೌಸಿಗೆ ಇನ್ನೂರ ಹನ್ನೆರಡು ಹೆಜ್ಜೆ. ಮೂರು ಕಡೆ ಕೂತು, ಎರಡು ಕಡೆ ಬೇಲಿ ಹಿಡಿದು ಡೆಲ್ಮರ್ ಒಳಗೆ ಬಂದಾಗ ಊಟ ಮುಗಿಯುತ್ತ ಬಂದಿತ್ತು.

“ಬಂದ ನೋಡ್ರಪ್ಪಾ ಗೆದ್ದ ಧೀರ!” ಎಂದು ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು.

“ಯಾಕಯ್ಯಾ ಇಷ್ಟು ತಡ?” ಎಂದ ಹಾಲಿಸ್. “ಪಕ್ಕದ ಮನೆಯವನು ನೀನು!”

ಡೆಲ್ಮರ್ ಬೆವರು ಒರೆಸಿಕೊಂಡು ಅವನ ಪಕ್ಕ ಕುಸಿದು ಕೂತ.

“ಹಾಲಿಸ್, ಆ ಗಾಲಿಕುರ್ಚಿ ಇದೆಯಾ?”

“ಇದೆ. ಆದ್ರೆ ಬ್ರೇಕ್ ಹಾಗೇ ಇದೆ ಕಣಯ್ಯಾ.”

“ಇರ್ಲಿ ಬಿಡು,” ಎಂದ ಡೆಲ್ಮರ್. “ಹಿಂದಿನ ಗೇಟಿಂದ ಮನೆಗೆ ಹೆಂಗೂ ಇಳಿಜಾರು.”